ಬದುವಿನ ಹೂವು

ದೀಪಾವಳಿಯ ಪಾಡ್ಯದ ಬೆಳಗಿನಲ್ಲಿ ನಮ್ಮ ಬ್ಯಾಡಗಿ, ಹಾವೇರಿ, ರಾಣೇಬೆನ್ನೂರು ಸೀಮೆಯ ಯಾವುದಾದರೊಂದು ಓಣಿಯಲ್ಲಿ ನೀವು ನಡೆದುಹೋಗಿದ್ದರೆ, ಹೊಸ್ತಿಲ ಬದಿಯ ಒಂದು ಅಲಂಕಾರವನ್ನು ಕಂಡೇ ಇರುತ್ತೀರಿ. ಆಕಳ ಸೆಗಣಿಯಿಂದ ಮಾಡಿದ ಪುಟ್ಟ ಪುಟ್ಟ ಪಾಂಡವರು, ಅವರ ನಡುವೆ ಹಟ್ಟಿ ಲಕ್ಕವ್ವ. ಅವರ ನೆತ್ತಿಗೆ ಸಿಕ್ಕಿಸಿದ ಹಳದಿಯ ಹೊನ್ನಂಬರಿ, ನಸುಗೆಂಪಿನ ಅಣ್ಣಿಯ ಹೂವು, ನೆಟ್ಟಗೆ ನಿಂತ ಉತ್ತರಾಣಿಯ ಕಡ್ಡಿ. ಈ ಪೂಜೆಗೆ ಮಲ್ಲಿಗೆ ಸೇವಂತಿಗೆಗಳು ಇದ್ದರೂ ಆದೀತು, ಇಲ್ಲದಿದ್ದರೂ ಆದೀತು. ಹೊಲದ ಬದುವಿನ ಹೂವು ಮಾತ್ರ ಇರಲೇಬೇಕು. ನಾವು ಚಿಕ್ಕವರಿದ್ದಾಗ ಅದನ್ನು ತರುವುದು ಹುಡುಗರ ಕೆಲಸ. ಬೆಳಗು ಹರಿಯುವ ಮುನ್ನ ಓಡಿಹೋಗಿ, ಇಬ್ಬನಿಯಲ್ಲಿ ಕಾಲು ತೋಯಿಸಿಕೊಂಡು, ಚಡ್ಡಿಗೆಲ್ಲ ಉತ್ತರಾಣಿಯ ಮುಳ್ಳುಕಾಳು ಮೆತ್ತಿಸಿಕೊಂಡು ಬರುತ್ತಿದ್ದೆವು.

ಕೆಲವು ವರ್ಷಗಳ ಹಿಂದೆ, ಹಬ್ಬದ ಸೂಟಿ ಮುಗಿದ ಮೇಲೆ, ಹಬ್ಬವನ್ನು ಕುರಿತು ಪ್ರಬಂಧ ಬರೆಯಿರೆಂದು ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ಹೇಳಿದೆ. ಒಬ್ಬ ಹುಡುಗ ಎದ್ದುನಿಂತು, "ಸರ್ರ, ಹೊನ್ನಂಬರಿ ಹೊಲದಾಗ ಎಲ್ಲೂ ಸಿಗಲಿಲ್ರಿ. ನಮ್ಮವ್ವ ಸಂತ್ಯಾಗ ಹತ್ತು ರೂಪಾಯಿ ಕೊಟ್ಟು ಒಂದು ಸಿವುಡು ತಂದ್ಲು. ಅದನ್ನೂ ಬರೀಲೇನ್ರಿ?" ಎಂದು ಕೇಳಿದ. ಬರೆಯಪ್ಪಾ ಎಂದೆ. ಅವನು ಬರೆದ, ನಾನು ಮನೆಗೆ ಬಂದು ಆ ಒಂದು ಸಾಲನ್ನು ಹಿಡಿದು ಕುಳಿತೆ. ಬಿತ್ತದೆ, ನೀರುಣಿಸದೆ, ಬೇಡವೆಂದರೂ ಬೆಳೆಯುತ್ತಿದ್ದ ಹೂವು ಸಂತೆಯ ಸರಕಾದದ್ದು ಯಾವಾಗ? ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿ ಹೋದವನ ಟಿಪ್ಪಣಿ.

ಮೊದಲು ಹೂವುಗಳ ಪರಿಚಯ ಮಾಡಿಕೊಡಬೇಕು. ಹೊನ್ನಂಬರಿಯೆಂದರೆ ಗ್ರಂಥಗಳ ಆವರಿಕೆ, ಹೊನ್ನಾವರಿಕೆ. ಕೆಲವೆಡೆ ತಂಗಡಿ ಎನ್ನುತ್ತಾರೆ. ಇದರ ತೊಗಟೆಯಿಂದ ಹಿಂದೆ ಚರ್ಮ ಹದಮಾಡುತ್ತಿದ್ದರು. ನೆರೆಯ ತೆಲಂಗಾಣದವರು ಇದನ್ನೇ ತಮ್ಮ ರಾಜ್ಯದ ಹೂವಾಗಿ ಆರಿಸಿಕೊಂಡಿದ್ದಾರೆ. ಈ ಹೂವಿನ ಪರಾಗವು ಸಣ್ಣ ರಂಧ್ರಗಳುಳ್ಳ ಕೊಳವೆಯಂಥ ಕೇಸರಗಳಲ್ಲಿ ಅಡಗಿರುತ್ತದೆ. ಕರಿಯ ದೊಡ್ಡ ದುಂಬಿ ಬಂದು, ಹೂವನ್ನಪ್ಪಿ ಮೈಯನ್ನು ಝೇಂಕಾರದಿಂದ ನಡುಗಿಸಿದರೆ ಮಾತ್ರ ಆ ಪುಡಿ ಹೊರಕ್ಕೆ ಚಿಮ್ಮುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಬಾರದು. ನಮ್ಮ ಕವಿಗಳು ಸಾವಿರ ವರ್ಷಗಳಿಂದ ವರ್ಣಿಸುತ್ತ ಬಂದ ಭ್ರಮರದ ಗಾನವು ಬರಿಯ ಗಾನವಲ್ಲ, ದುಡಿಮೆಯ ಸದ್ದು ಎಂಬುದು ನನಗೆ ತಿಳಿದದ್ದು ಐವತ್ತರ ಮೇಲೆ! ಅದೇ ಗಿಡದ ಎಲೆಯ ಮೇಲೆ ತಿಳಿಹಸಿರು ಬಿಳುಪಿನ ವಲಸೆ ಚಿಟ್ಟೆಗಳು ಮೊಟ್ಟೆಯಿಡುತ್ತವೆ. ಎಕ್ಕದ ಗಿಡ ನಿಮಗೆ ಹನುಮಪ್ಪನ ಹಾರಕ್ಕೆ ಗೊತ್ತು. ಕಿತ್ತಳೆ ಬಣ್ಣದ ರೆಕ್ಕೆಗೆ ಕಪ್ಪು ಅಂಚಿನ ಚಿಟ್ಟೆಯೊಂದಕ್ಕೆ ಅದು ತೊಟ್ಟಿಲು. ಅದರ ಮರಿಹುಳು ಎಕ್ಕದ ವಿಷದ ಹಾಲನ್ನೇ ಉಂಡು ಬೆಳೆದು, ತಾನೂ ಹಕ್ಕಿಗಳ ಬಾಯಿಗೆ ಕಹಿಯಾಗುತ್ತದೆ. ಒಣಗಿದ ಕಾಯಿ ಗಿಲಿಗಿಲಿ ಎನ್ನುವ ಗಿಲಿಗಿಚ್ಚಿಯ ಗಿಡವನ್ನು ಮಕ್ಕಳು ಆಟಕ್ಕೆ ಕೀಳುತ್ತಾರೆ. ಹುಲಿಪಟ್ಟೆಯ ಗಂಡು ಚಿಟ್ಟೆಗಳು ಅದರ ಒಣಗಿದ ಭಾಗಗಳಿಗೆ ಮುತ್ತಿ ಒಂದು ಬಗೆಯ ಕಹಿರಸವನ್ನು ಹೀರಿ, ಅದರಿಂದ ಹೆಣ್ಣನ್ನೊಲಿಸುವ ಗಂಧವನ್ನು ಮಾಡಿಕೊಳ್ಳುತ್ತವೆ. ಶಿವನಿಗೆ ಪ್ರಿಯವಾದ ತುಂಬೆಯಂತೂ ಜೇನಿಗೂ ಚಿಟ್ಟೆಗೂ ಸಮಾನ ಅನ್ನಸತ್ರ. ತುಂಬೆಗೂ ತುಂಬಿಗೂ ಶಬ್ದಸಂಬಂಧ ಹೂಡುವ ಪಂಡಿತಚಾಪಲ್ಯ ನನಗಿಲ್ಲವೆಂದಲ್ಲ, ಇಲ್ಲಿ ತಡೆದುಕೊಂಡಿದ್ದೇನೆ.

ಇನ್ನು ಚರಿತ್ರೆಗೆ ಬರೋಣ. ಹೂವಿಗೆ ಶಾಸನವೇ ಎಂದು ನೀವು ಕೇಳಬಹುದು. ಉಂಟು. ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ದೇವರ ಅಂಗಭೋಗಕ್ಕೆಂದು ಹೂದೋಟವನ್ನು ಬಿಟ್ಟ ಉಲ್ಲೇಖಗಳು ಹೇರಳವಾಗಿವೆ. ಅವು ತೋಟದ ಹೂವುಗಳ ಮಾತು. ಬಯಲ ಹೂವಿನ ಸುದ್ದಿಯನ್ನು ಹೇಳುವ ಕಲ್ಲುಗಳು ಬೇರೆಯೇ ಇವೆ. ಅವೇ ನಮ್ಮ ಊರೂರ ವೀರಗಲ್ಲುಗಳು. ಹಾನಗಲ್ಲು, ಹಿರೇಕೆರೂರು, ಹಾವೇರಿಗಳ ಸುತ್ತ ಸಿಕ್ಕುವ ಇಂಥ ಕಲ್ಲುಗಳಲ್ಲಿ ಎಷ್ಟೋ ತುರುಗೋಳಿನ ಕಲ್ಲುಗಳು: ವೈರಿಗಳು ಊರ ದನಗಳನ್ನು ಹೊಡೆದುಕೊಂಡು ಹೋದಾಗ, ಬೆನ್ನಟ್ಟಿ ಕಾದಿ, ತುರುಗಳನ್ನು ಮರಳಿಸಿ ಮಡಿದವನ ಗುರುತು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ಅದರ ಬದಿಗೆ ಸಾಲಾಗಿ ನಿಂತ ದನ. ನಾವು ವೀರನನ್ನು ನೋಡುತ್ತೇವೆ, ದನವನ್ನು ನೋಡುವುದಿಲ್ಲ. ಪ್ರಾಣ ಕೊಟ್ಟು ಕಾಯುವಷ್ಟು ದನವಿದ್ದ ಊರಿಗೆ ಎಷ್ಟು ಹುಲ್ಲುಗಾವಲು ಇದ್ದಿರಬೇಕು? ಆ ಹುಲ್ಲಿನ ನಡುವೆ ಎಷ್ಟು ಹೂವು? ಶಾಸನದ ಅಕ್ಷರ ಇದನ್ನು ಹೇಳುವುದಿಲ್ಲ. ಶಿಲ್ಪ ಹೇಳುತ್ತದೆ ಎಂದು ನನ್ನ ಭಾವನೆ.

ನಮ್ಮ ಹಿರಿಯರಿಗೆ ಬೀಜದ ವಿದ್ಯೆ ತಿಳಿಯದಿರಲಿಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದದ ಅಧ್ಯಾಯವೊಂದಿದೆ. ಬೀಜವನ್ನು ಹಾಲಿನಲ್ಲಿ ನೆನೆಸಿ, ತುಪ್ಪ ಹಚ್ಚಿದ ಕೈಯಿಂದ ಸವರಿ, ಸೆಗಣಿಯಲ್ಲಿ ಹೊರಳಿಸಿ, ಹೊಗೆಯಿಕ್ಕಿ ಬಿತ್ತುವ ಕ್ರಮವನ್ನು ಅವನು ಹೇಳುತ್ತಾನೆ. ಕನ್ನಡದಲ್ಲಿ ಇಮ್ಮಡಿ ಚಾವುಂಡರಾಯನು ಸುಮಾರು 1025ರಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ ರಚಿಸಿದ ಲೋಕೋಪಕಾರದಲ್ಲಿಯೂ ವೃಕ್ಷಾಯುರ್ವೇದಕ್ಕೆ ಸ್ಥಳವಿದೆ. ಆದರೆ ಗಮನಿಸಿರಿ: ಇವರೆಲ್ಲ ಕಲಿಸುವುದು ತೋಟದ ಗಿಡಮರಗಳನ್ನು ಬೆಳೆಸುವ ಬಗೆಯನ್ನು. ತುಂಬೆಯನ್ನು ಬಿತ್ತುವುದು ಹೇಗೆಂದು ಹೇಳುವ ಪ್ರಸಂಗ ಅವರಿಗೇಕೆ ಬಂದೀತು? ಗಾಳಿಯನ್ನು ಬೀಸುವುದು ಹೇಗೆಂದು ಯಾರೂ ಪುಸ್ತಕ ಬರೆಯುವುದಿಲ್ಲವಷ್ಟೆ.

ಬಯಲು ಕರಗಿದ ಕಥೆ ದೀರ್ಘವಾದದ್ದು, ಇಲ್ಲಿ ಕೆಲವು ಮಜಲುಗಳನ್ನಷ್ಟೇ ಹೇಳುತ್ತೇನೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿ ವಿಲಾಯತಿಯ ಗಿರಣಿಗಳಿಗೆ ಬಾರದಾದಾಗ, ಧಾರವಾಡ ಸೀಮೆಯ ಹತ್ತಿಗೆ ಎಂದೂ ಇಲ್ಲದ ಬೆಲೆ ಬಂದಿತು. ಕುಮಟಾ ಬಂದರಿನಿಂದ ಹಡಗು ಏರುತ್ತಿದ್ದುದರಿಂದ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ಎರೆಯ ಬಯಲಿನಲ್ಲಿ ನೇಗಿಲು ಮುಂದುವರಿಯಿತು, ಹುಲ್ಲು ಹಿಂದೆ ಸರಿಯಿತು. ಆ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೇಲ್ವೆ ಬಂದಿತು. ಇದೊಂದು ವಿಚಿತ್ರ: ಹೊಗೆ ಕಾರುವ ಬಂಡಿ ತಾನು ಹಾದ ದಾರಿಯ ಇಕ್ಕೆಲಗಳಲ್ಲಿ ನೇಗಿಲು ತಾಗದ ಪಟ್ಟಿಯೊಂದನ್ನು ಉಳಿಸಿತು. ಇಂದಿಗೂ ರೇಲ್ವೆಯ ಏರಿಯ ಪಕ್ಕದಲ್ಲಿ ಕಾಣುವಷ್ಟು ಬಗೆಯ ಹೂವು ಬ್ಯಾಡಗಿಯ ಹೊಲಗಳಲ್ಲಿ ನನಗೆ ಕಂಡಿಲ್ಲ.

ಹೊಲವಾಗದೆ ಉಳಿದ ಮಸಾರಿ ಗುಡ್ಡಗಳನ್ನೂ ಊರ ಗಾಯರಾಣಗಳನ್ನೂ ಸರ್ಕಾರದ ಕಾಗದಗಳು ಪಾಳು ಎಂದು ಕರೆದವು. ಹುಲ್ಲೂ ಕುರುಚಲೂ ಇದ್ದ ನೆಲ ಪಾಳು ಹೇಗಾದೀತು? ಆದರೆ ಆ ಶಬ್ದ ನಿಂತಿತು. ಪಾಳನ್ನು ತುಂಬಲು ನೀಲಗಿರಿ ಬಂದಿತು. ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದ ತೋಟಕ್ಕೆ ವಿನೋದಕ್ಕೆಂದು ಬಂದ ಆಸ್ಟ್ರೇಲಿಯದ ಈ ಮರ ಇಪ್ಪತ್ತನೆಯ ಶತಮಾನದಲ್ಲಿ ಗುಡ್ಡಗಳನ್ನೇ ಆಕ್ರಮಿಸಿತು. ರಾಣೇಬೆನ್ನೂರಿನ ಗುಡ್ಡಗಳಲ್ಲಿ ಕೃಷ್ಣಮೃಗಗಳಿದ್ದವು. ನಮ್ಮವರು ಚಿಗರಿ ಎನ್ನುತ್ತಾರೆ. ಅವುಗಳಿಗಾಗಿ 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಘೋಷಣೆಯಾಯಿತು. ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ ಆ ಅರಣ್ಯದ ಬಹುಭಾಗ ಕುರುಚಲು ಮತ್ತು ನೀಲಗಿರಿಯ ನೆಡುತೋಪು. ಚಿಗರಿ ಬಯಲ ಪ್ರಾಣಿ. ದೂರದವರೆಗೆ ಕಣ್ಣು ಹಾಯಬೇಕು, ಓಡಲು ನೆಲವಿರಬೇಕು, ತಿನ್ನಲು ಹುಲ್ಲಿರಬೇಕು. ಸಾಲುಮರದ ಕೆಳಗೆ ಹುಲ್ಲು ಸಾಲದಾದಾಗ ಅದು ಗೋವಿನಜೋಳದ ಹೊಲಕ್ಕೆ ನುಗ್ಗುತ್ತದೆ; ಬೆಳೆ ಕಳೆದುಕೊಂಡ ರೈತ ಅದನ್ನು ಶಪಿಸುತ್ತಾನೆ. ಅವನ ಸಂಕಟವೂ ಸುಳ್ಳಲ್ಲ.

ಚಿಗರಿಯಾದರೂ ಉಳಿಯಿತು. ಅದೇ ಅಭಯಾರಣ್ಯದ ಹೆಸರಿನೊಡನೆ ಜೋಡಿಸಿ ಹೇಳುತ್ತಿದ್ದ ಮತ್ತೊಂದು ಜೀವಿ ಎರ್ಲಡ್ಡು, ಎರೆಭೂತವೆಂದೂ ಅದಕ್ಕೆ ಹೆಸರು. ಮೊಣಕಾಲೆತ್ತರದ ಹುಲ್ಲಿನಲ್ಲಿ ಗಂಭೀರವಾಗಿ ನಡೆದಾಡುವ ಭಾರೀ ಹಕ್ಕಿ. ಮಿಡತೆ, ಜೀರುಂಡೆ, ಕಾಳು, ಹಣ್ಣು ಅದರ ಆಹಾರ. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ. ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರು ಇದನ್ನೇ ರಾಷ್ಟ್ರಪಕ್ಷಿ ಮಾಡಬೇಕೆಂದು ವಾದಿಸಿದ್ದರು. 1963ರಲ್ಲಿ ಆ ಗೌರವ ನವಿಲಿಗೆ ಸಂದಿತು. ಇಂದು ರಾಣೇಬೆನ್ನೂರಿನಲ್ಲಿ ಎರೆಭೂತವಿಲ್ಲ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಬೆರಳಿನಲ್ಲಿ ಎಣಿಸುವಷ್ಟು ಉಳಿದಿವೆ. ಹೂವು ಹೋದರೆ ಹುಳ ಹೋಗುತ್ತದೆ, ಹುಳ ಹೋದರೆ ಹಕ್ಕಿ ಹೋಗುತ್ತದೆ ಎಂದು ಪಾಠದಲ್ಲಿ ಹೇಳುತ್ತೇವೆ. ನಮ್ಮ ತಾಲೂಕಿನ ಪಕ್ಕದಲ್ಲೇ ಆ ಪಾಠದ ಕೊನೆಯ ಸಾಲು ಮುಗಿದುಹೋಗಿದೆ.

ಜನ ಸುಮ್ಮನಿದ್ದರೆಂದು ತಿಳಿಯಬೇಡಿರಿ. 1984ರಲ್ಲಿ ಸರ್ಕಾರವೂ ಖಾಸಗಿ ಉದ್ಯಮವೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಯನ್ನು ಕಟ್ಟಿ, ಸುಮಾರು 30,000 ಹೆಕ್ಟೇರು ನೆಲದಲ್ಲಿ ನಾರಿನ ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸಲು ಹೊರಟಾಗ, ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು ಹಳ್ಳಿಗರನ್ನು ಕೂಡಿಸಿದರು. ಶಿವರಾಮ ಕಾರಂತರು ಅವರೊಡನೆ ಸುಪ್ರೀಂ ಕೋರ್ಟಿನವರೆಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ಲು ತಾಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿಯ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹಣ್ಣು ಮೇವು ಸೌದೆ ಕೊಡುವ ಗಿಡಗಳನ್ನು ನೆಟ್ಟರು. ಆ ಸತ್ಯಾಗ್ರಹದ ಹೆಸರೇ 'ಕಿತ್ತಿಕೊ ಹಚ್ಚಿಕೊ'. ಅಚ್ಚ ನಮ್ಮ ಸೀಮೆಯ ಮಾತು. ಒಂದು ಚಳವಳಿಗೆ ಇದಕ್ಕಿಂತ ಚೆಂದದ ಕನ್ನಡ ಹೆಸರನ್ನು ನಾನು ಕೇಳಿಲ್ಲ. ನಾನಾಗ ಓದುವ ಹುಡುಗ, ಸುದ್ದಿಯನ್ನು ಕೇಳಿ ರೋಮಾಂಚನಗೊಂಡವನೇ ಹೊರತು ಹೋಗಿ ನಿಂತವನಲ್ಲ. ಆ ಕಂಪನಿ ಕೆಲವು ವರ್ಷಗಳಲ್ಲಿ ಮುಚ್ಚಿತು. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಕಿತ್ತುದಾಯಿತು, ಹಚ್ಚುವ ಅರ್ಧ ಇನ್ನೂ ಬಾಕಿ.

ಉಳಿಸಿದರೆ ಏನಾಗುತ್ತದೆಂಬುದಕ್ಕೆ ಬಂಕಾಪುರದ ಕೋಟೆ ಸಾಕ್ಷಿ. ಅಮೋಘವರ್ಷನ ದಂಡನಾಯಕ ಬಂಕೇಯನ ಹೆಸರಿನ ಊರು. ಗುಣಭದ್ರಾಚಾರ್ಯರ ಉತ್ತರಪುರಾಣ 898ರಲ್ಲಿ ಪೂಜೆಗೊಂಡ ಸ್ಥಳ. ಅಲ್ಲಿಯ ಅರವತ್ತು ಕಂಬದ ಗುಡಿಯನ್ನು ನೋಡಲು ಹೋದವರು ಕಂದಕದ ಕಡೆಗೂ ಒಮ್ಮೆ ಇಣುಕಿ ನೋಡಿರಿ. ಕೋಟೆಯ ಆವರಣದಲ್ಲಿ ಕಿಲಾರಿ ದನಗಳ ಸರ್ಕಾರಿ ಕೇಂದ್ರವಿರುವುದರಿಂದ ಅಲ್ಲಿ ಮೇವೂ ಪೊದೆಯೂ ಉಳಿದವು. ಪೊದೆ ಉಳಿದುದರಿಂದ ನವಿಲು ಉಳಿಯಿತು. 2006ರಲ್ಲಿ ಅದರ 139 ಎಕರೆ ನವಿಲುಧಾಮವಾಯಿತು. ಹಿಂದೆ ದನಕ್ಕಾಗಿ ವೀರಗಲ್ಲು ನಿಲ್ಲುತ್ತಿತ್ತು; ಇಲ್ಲಿ ದನದ ಪುಣ್ಯದಿಂದ ನವಿಲು ನಿಂತಿದೆ.

ಬಿತ್ತಿಯೇ ಬಯಲನ್ನು ಮರಳಿ ತರಬಹುದೇ? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 1930ರ ದಶಕದಲ್ಲಿ, ಆಲ್ಡೋ ಲಿಯೊಪೋಲ್ಡ್ ಮೊದಲಾದವರ ಮುಂದಾಳುತನದಲ್ಲಿ, ನೇಗಿಲಿನಿಂದ ಸವೆದ ಹೊಲವೊಂದನ್ನು ಕೊಂಡು ಸ್ಥಳೀಯ ಹುಲ್ಲುಹೂವುಗಳ ಬೀಜವನ್ನೂ ಹುಲ್ಲಿನ ಹೆಂಟೆಗಳನ್ನೂ ತಂದು ಹಚ್ಚಿದರು. ಕೆಲಸದ ಆಳುಗಳು ಯಾರೆಂದರೆ, ಆ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಸರ್ಕಾರ ಕೆಲಸ ಕೊಟ್ಟ ನಿರುದ್ಯೋಗಿ ತರುಣರು. ಆ ಹುಲ್ಲುಗಾವಲು ಇಂದಿಗೂ ಇದೆ; ಮಿಕ್ಕವರಿಗೆ ಮೇಲ್ಪಂಕ್ತಿಯಾಗಿದೆ. ಆದರೆ ಎಂಟೊಂಬತ್ತು ದಶಕಗಳಾದರೂ ಅದು ಮೂಲ ಬಯಲಿಗೆ ಪೂರ್ತಿ ಸಮನಾಗಿಲ್ಲವೆಂದು ಅಲ್ಲಿಯವರೇ ಒಪ್ಪುತ್ತಾರೆ.

ನಮ್ಮ ಪ್ರಯತ್ನ ಅಷ್ಟು ದೊಡ್ಡದಲ್ಲ. ಶಾಲೆಯ ಹಿಂದಿನ ಗೋಡೆಯ ಉದ್ದಕ್ಕೂ ನಾಲ್ಕು ಮೊಳ ಅಗಲದ ಪಟ್ಟಿ. ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಪೇಟೆಯಲ್ಲಿ 'ಕಾಡುಹೂಗಳು' ಎಂದು ಬಣ್ಣದ ಚಿತ್ರವಿದ್ದ ಬೀಜದ ಪೊಟ್ಟಣಗಳನ್ನು ಕೊಂಡುತಂದೆ. ಮೊಳೆತವು, ಹೂವೂ ಬಿಟ್ಟವು, ಚೆನ್ನಾಗಿಯೂ ಇದ್ದವು, ಎಲ್ಲವೂ ಪರದೇಶದವು. ನಮ್ಮ ಚಿಟ್ಟೆಯೊಂದೂ ಅದರ ಎಲೆಯ ಮೇಲೆ ಮೊಟ್ಟೆಯಿಡಲಿಲ್ಲ. ಎರಡನೆಯ ವರ್ಷ ಮಕ್ಕಳೊಡನೆ ಬದು, ರಸ್ತೆಯಂಚುಗಳನ್ನು ಅಲೆದು ಹೊನ್ನಂಬರಿಯ ಒಣಕಾಯಿ ತಂದು ಬಿತ್ತಿದೆ. ನೂರು ಬೀಜಕ್ಕೆ ಮೂರೋ ನಾಲ್ಕೋ ಎದ್ದವು. ನನ್ನ ಸೋಲನ್ನು ಕಂಡು ನಕ್ಕದ್ದು ನಮ್ಮ ವಿದ್ಯಾರ್ಥಿಯೊಬ್ಬನ ಅಜ್ಜಿ. "ಮಾಸ್ತರ, ಆ ಕಾಳಿನ ತೊಗಲು ಭಾಳ ಗಟ್ಟಿ ಐತ್ರಿ. ಉಸುಕು ಹಾಕಿ ತಿಕ್ಕಲಾರದ ನೀರು ಒಳಗ ಹೋಗಂಗಿಲ್ರಿ" ಎಂದರು. ಅಜ್ಜಿ, ಇದನ್ನು ಎಲ್ಲಿ ಕಲಿತಿರಿ ಎಂದರೆ, "ಕಲಿಯೂದೇನ್ರಿ, ಗೊತ್ತಿರತೈತಿ" ಎಂದು ಮುಗಿಸಿದರು. ವರಾಹಮಿಹಿರನಿಗಿಂತ ಚುಟುಕಾದ ಉತ್ತರ.

ಅಂದಿನಿಂದ ಹೀಗೆ ಮಾಡುತ್ತ ಬಂದಿದ್ದೇವೆ, ನೀವೂ ಮಾಡಬಹುದು. ಮಳೆಗಾಲ ಮುಗಿದು ಕಾಯಿ ಬಲಿತು ಒಣಗಿದ ಮೇಲೆ, ಕಾರ್ತಿಕದಿಂದ ಪುಷ್ಯದವರೆಗೆ, ಬೀಜ ಕೂಡಿಸುವುದು. ಒಂದು ಗಿಡದಿಂದ ಎಲ್ಲವನ್ನೂ ಕೊಳ್ಳಬಾರದು. ಹತ್ತು ಗಿಡದಿಂದ ಸ್ವಲ್ಪಸ್ವಲ್ಪ ತೆಗೆದುಕೊಂಡು, ಹೆಚ್ಚಿನ ಪಾಲನ್ನು ನೆಲಕ್ಕೂ ಹಕ್ಕಿಗೂ ಬಿಡಬೇಕು. ಅಭಯಾರಣ್ಯದೊಳಗೆ ಅಪ್ಪಣೆಯಿಲ್ಲದೆ ಒಂದು ಕಾಳನ್ನೂ ಮುಟ್ಟುವಂತಿಲ್ಲ, ರೇಲ್ವೆಯ ಬೇಲಿಯನ್ನೂ ದಾಟಬೇಡಿರಿ. ಹೊಲದವರನ್ನು ಕೇಳಿದರೆ ಬೇಡವೆನ್ನುವವರಿಲ್ಲ. ಬೀಜವನ್ನು ನೆರಳಿನಲ್ಲಿ ಆರಿಸಿ, ನಮ್ಮ ಹಿರಿಯರು ಬಿತ್ತನೆಯ ಕಾಳಿಗೆ ಮಾಡುತ್ತಿದ್ದಂತೆ ಬೂದಿ ಬೆರೆಸಿ, ಹೆಸರು ಊರು ಬರೆದ ಚೀಟಿಯೊಡನೆ ಗಡಿಗೆಯಲ್ಲಿಡುವುದು. ಹೊನ್ನಂಬರಿ, ಗಿಲಿಗಿಚ್ಚಿ, ಶಂಖಪುಷ್ಪಗಳಂಥ ಗಟ್ಟಿ ಸಿಪ್ಪೆಯವನ್ನು ಉಸುಕಿನೊಡನೆ ತಿಕ್ಕಿ, ಒಂದು ರಾತ್ರಿ ಬೆಚ್ಚನೆಯ ನೀರಿನಲ್ಲಿ ನೆನೆಯಿಟ್ಟು ಊರುವುದು. ತುಂಬೆ, ಅಣ್ಣಿಗಳ ನುಣ್ಣನೆಯ ಬೀಜವನ್ನು ಹೂಳಲೇಬಾರದು. ಮಣ್ಣಿಗೆ ಬೆರೆಸಿ ಮೇಲೆ ಉದುರಿಸಿ ಅಂಗೈಯಿಂದ ಒತ್ತಿದರೆ ಸಾಕು. ರೋಹಿಣಿಯ ಮೊದಲ ಹನಿಗೆ ಆತುರಪಡದೆ, ಮೃಗಶಿರಾ ಮಳೆ ನೆಲವನ್ನು ಚೆನ್ನಾಗಿ ನೆನೆಸಿದ ಮೇಲೆ ಬಿತ್ತುವುದು ಲೇಸು. ನಿಜವಾದ ದುಡಿಮೆ ಆಮೇಲೆ: 1950ರ ದಶಕದಲ್ಲಿ ಪುಣೆಯ ಕಡೆ ಮೊದಲು ಕಣ್ಣಿಗೆ ಬಿದ್ದು ಈಗ ಎಲ್ಲೆಡೆ ಹಬ್ಬಿದ ಕಾಂಗ್ರೆಸ್ ಕಸವನ್ನು ಹೂಬಿಡುವ ಮೊದಲೇ ಕೀಳುತ್ತಿರಬೇಕು. ಕೈಚೀಲ ಕಟ್ಟಿಕೊಳ್ಳಿರಿ, ಮೈ ತುರಿಸುತ್ತದೆ. ಒಣಗಿದ ಕೊಂಬೆಯೊಂದು ಮೂಲೆಯಲ್ಲಿದ್ದರೆ ಬಿಟ್ಟುಬಿಡಿ. ಆ ಕರಿಯ ದುಂಬಿ ಗೂಡು ಕೊರೆಯುವುದು ಅದರಲ್ಲಿಯೇ.

ಇಂಥ ಕೆಲಸಕ್ಕೆ ನಮ್ಮ ಸೀಮೆಗಿಂತ ಯೋಗ್ಯರು ಯಾರು? ರಾಣೇಬೆನ್ನೂರಿನ ಸುತ್ತಿನ ರೈತರು ಸಂಕರ ಹತ್ತಿ, ಟೊಮೆಟೊ, ಬೆಂಡೆಯ ಬೀಜ ಬೆಳೆಯುವುದರಲ್ಲಿ ಹೆಸರಾದವರು. ಧಾರವಾಡದಲ್ಲಿ ಕಟರಕಿಯವರು ರೂಪಿಸಿದ ವರಲಕ್ಷ್ಮಿ ಹತ್ತಿ 1972ರಲ್ಲಿ ಬಂದಂದಿನಿಂದ ಈ ನಾಡಿನ ಹೆಣ್ಣುಮಕ್ಕಳ ಬೆರಳು ಹೂವಿನ ಕೇಸರ ಬಿಡಿಸಿ, ಪರಾಗ ಮುಟ್ಟಿಸಿ ಪಳಗಿದೆ. ದುಂಬಿಯ ಕೆಲಸವನ್ನು ಕೈಯಿಂದ ಮಾಡಬಲ್ಲವರು! ಬ್ಯಾಡಗಿಯ ರೈತನಂತೂ 2011ರಲ್ಲಿ ಭೌಗೋಳಿಕ ಮುದ್ರೆ ಪಡೆದ ತನ್ನ ಮೆಣಸಿನಕಾಯಿಯ ಬಣ್ಣವನ್ನು ತಲೆತಲಾಂತರದಿಂದ ಬೀಜ ಆರಿಸಿಯೇ ಉಳಿಸಿಕೊಂಡವನು. ಸೀಗಿ ಹುಣ್ಣಿಮೆಗೆ ಹೊಲದ ತುಂಬ ಚರಗ ಚೆಲ್ಲಿ, ಕಾಣದ ಜೀವಗಳಿಗೂ ಉಣಿಸುವವನಿಗೆ ಬದುವಿನ ಎರಡು ಮೊಳ ದೊಡ್ಡದಲ್ಲ.

ಹೋದ ವರ್ಷ ಶ್ರಾವಣದಲ್ಲಿ ಹುಡುಗನೊಬ್ಬ ಗಾಬರಿಯಿಂದ ಓಡಿಬಂದ. "ಸರ್ರ, ಹೊನ್ನಂಬರಿಗೆ ಹುಳ ಹತ್ಯಾವ್ರಿ. ಎಲಿ ಎಲ್ಲಾ ತಿಂದು ಹಾಕ್ಯಾವ. ಔಷಧ ಹೊಡಿಯೂನೇನ್ರಿ?" ಹೋಗಿ ನೋಡಿದರೆ ಹಸಿರು ಹುಳುಗಳು ಒಂದು ಗಿಡವನ್ನು ಬೋಳು ಮಾಡಿದ್ದವು. ಬೇಡ, ಎಂಟು ದಿನ ತಾಳು ಎಂದೆ. ಅವನಿಗೆ ನಂಬಿಕೆಯಾಗಲಿಲ್ಲ, ದಿನಾ ಬಿಡುವಿನಲ್ಲಿ ಹೋಗಿ ನಿಲ್ಲುತ್ತಿದ್ದ. ಹದಿನೈದು ದಿನದೊಳಗೆ ಗಿಡ ಮತ್ತೆ ಚಿಗುರಿತು, ಗೋಡೆಯ ಮೇಲೆಲ್ಲ ತಿಳಿಹಸಿರಿನ ಚಿಟ್ಟೆಗಳು ಹಾರಾಡಿದವು. ಪಾಡ್ಯಕ್ಕೆ ಅದೇ ಗಿಡದಿಂದ ಹದಿನಾಲ್ಕು ಮನೆಗಳಿಗೆ ಹೂವು ಹೋಯಿತು. ಹಬ್ಬ ಕಳೆದ ಮೇಲೆ ಅವನೇ ಒಣಕಾಯಿ ಬಿಡಿಸಿ, ಬೂದಿ ಬೆರೆಸಿ, ಚೀಟಿ ಅಂಟಿಸಿ ತಂದುಕೊಟ್ಟ ಗಡಿಗೆ ಈಗ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಸೀಮೆಸುಣ್ಣದ ಪೆಟ್ಟಿಗೆಯ ಪಕ್ಕದಲ್ಲಿದೆ. ಈ ದಾರಿಯಲ್ಲಿ ಬಂದರೆ ಒಂದು ಹಿಡಿ ಕೇಳಿ ಒಯ್ಯಿರಿ.